ಮೈಗೆ ಸ್ವಲ್ಪ ಟೈಮ್ ಕೊಡಿ

ಸಂಪಾದಕರಿಗೆ ನಮಸ್ಕಾರ.

ಮೊನ್ನೆ ನಿಮ್ಮ ಪತ್ರಿಕೆಯ ಒಳಪುಟದಲ್ಲಿ ಒಂದು ಸುದ್ದಿ ಬಂದಿತ್ತು. ಜಿಮ್‌ನಲ್ಲಿ ವ್ಯಾಯಾಮ ಮಾಡುತ್ತಿದ್ದ ಯುವಕ ಕುಸಿದು ಸಾವು ಅಂತ. ನಾಲ್ಕೇ ಸಾಲು. ವಯಸ್ಸಿತ್ತು, ಊರಿತ್ತು, ಯಾಕೆ ಸತ್ತ ಅನ್ನುವುದು ಇರಲಿಲ್ಲ. ಅದು ಅಷ್ಟು ಬೇಗ ಗೊತ್ತಾಗುವುದೂ ಇಲ್ಲ ಬಿಡಿ, ನಿಮ್ಮ ವರದಿಗಾರರನ್ನು ದೂರುತ್ತಿಲ್ಲ. ಆದರೆ ಆ ನಾಲ್ಕು ಸಾಲು ನಮ್ಮ ಬೀದಿಯಲ್ಲಿ ಮಾಡಿದ ಕೆಲಸ ಕೇಳಿ. ನಮ್ಮ ಪಕ್ಕದ ಮನೆಯವರು ಬ್ಯಾಂಕಿನಿಂದ ರಿಟೈರ್ ಆದವರು, ಎರಡು ವರ್ಷದಿಂದ ದಿನಾ ಬೆಳಿಗ್ಗೆ ಕೆರೆ ಏರಿ ಮೇಲೆ ವಾಕಿಂಗ್ ಹೋಗುತ್ತಿದ್ದರು. ಮರುದಿನದಿಂದ ಬಂದ್. ಕೇಳಿದ್ದಕ್ಕೆ, "ಬೇಡಪ್ಪಾ ಮೇಷ್ಟ್ರೇ, ಸುಮ್ನೆ ಇರೋ ಹಾರ್ಟ್‌ನ ಯಾಕೆ ಕೆಣಕೋದು" ಅಂದರು. ಹಾಗನ್ನುವಾಗ ಅವರ ಕೈಯಲ್ಲಿ ಮೆಣಸಿನಕಾಯಿ ಬಜ್ಜಿ ಇತ್ತು. ಅದು ಆ ಸಂಜೆ ಅವರು ತಿಂದ ಮೊದಲನೆಯದೇನೂ ಆಗಿರಲಿಲ್ಲ.

ನಾನು 31 ವರ್ಷ ಸರ್ಕಾರಿ ಹೈಸ್ಕೂಲಿನಲ್ಲಿ ಡ್ರಿಲ್ ಮೇಷ್ಟ್ರಾಗಿದ್ದವನು. ಈಗ ರಿಟೈರ್ ಆಗಿದ್ದೇನೆ. ಬೆಳಿಗ್ಗೆ ಐದೂವರೆಗೆ ನಮ್ಮೂರ ಮೈದಾನದಲ್ಲಿ ಪೊಲೀಸ್ ಕಾನ್‌ಸ್ಟೆಬಲ್ ಹುದ್ದೆಗೆ ತಯಾರಾಗುವ ಹುಡುಗ ಹುಡುಗಿಯರನ್ನು ಓಡಿಸುತ್ತೇನೆ. ಫೀಸು ಗೀಸು ಇಲ್ಲ, ನನಗೂ ಹೊತ್ತು ಹೋಗಬೇಕಲ್ಲ. ಡಾಕ್ಟರ್ ಅಲ್ಲ ನಾನು. ಆದರೆ ಮೈಯಿ ಹೇಗೆ ದಣಿಯುತ್ತದೆ, ಹೇಗೆ ಕಟ್ಟಿಕೊಳ್ಳುತ್ತದೆ, ಎಲ್ಲಿ ಕೈಕೊಡುತ್ತದೆ ಅನ್ನುವುದನ್ನು ಇಷ್ಟು ವರ್ಷ ಹತ್ತಿರದಿಂದ ನೋಡಿದ್ದೇನೆ. ಒಂದು ಸಲ ನನ್ನ ತಪ್ಪಿನಿಂದಲೇ ನೋಡಿದ್ದೇನೆ. ಅದನ್ನೂ ಹೇಳುತ್ತೇನೆ, ಅದಕ್ಕೇ ಈ ಪತ್ರ ಬರೆಯುತ್ತಿರುವುದು.

ಕಾನ್‌ಸ್ಟೆಬಲ್ ಹುದ್ದೆಗೆ ಗಂಡುಹುಡುಗರು 1600 ಮೀಟರನ್ನು ಆರೂವರೆ ನಿಮಿಷದಲ್ಲಿ ಓಡಬೇಕು. ಹೆಣ್ಣುಮಕ್ಕಳಿಗೆ 400 ಮೀಟರ್, ಎರಡು ನಿಮಿಷ. ಕೇಳಿದರೆ ದೊಡ್ಡದೇನಲ್ಲ ಅನಿಸುತ್ತದೆ. 400 ಮೀಟರ್ ಟ್ರ್ಯಾಕಿನಲ್ಲಿ ನಾಲ್ಕು ಸುತ್ತು, ಸುತ್ತಿಗೆ 97 ಸೆಕೆಂಡ್ ಚಿಲ್ಲರೆ. ಹೊಸ ಹುಡುಗ ಮೊದಲ ದಿನ ಬರುತ್ತಾನೆ. ಸೀಟಿ ಊದಿದ್ದೇ ತಡ, ನಾಯಿ ಅಟ್ಟಿಸಿಕೊಂಡು ಬಂದವನ ಹಾಗೆ ಕಿತ್ತುಕೊಳ್ಳುತ್ತಾನೆ. ಮೊದಲ ಸುತ್ತನ್ನು 75 ಸೆಕೆಂಡಿಗೆ ಮುಗಿಸಿ ನನ್ನ ಕಡೆ ನೋಡಿ ನಗುತ್ತಾನೆ. ಎರಡನೇ ಸುತ್ತಿನ ಅರ್ಧಕ್ಕೆ ನಗು ಹೋಗಿರುತ್ತದೆ. ಮೂರನೆಯದರಲ್ಲಿ ಕೈ ಪಕ್ಕೆ ಮೇಲೆ. ನಾಲ್ಕನೆಯದು ಇಲ್ಲವೇ ಇಲ್ಲ, ಬೇಲಿ ಹಿಡಿದು ಬಗ್ಗಿ ನಿಂತು, "ಕಾಲು ಕಟ್ಕೊಂತು ಸಾರ್, ದಮ್ಮೇ ಇಲ್ಲ" ಅನ್ನುತ್ತಾನೆ.

ಅವನಲ್ಲಿ ದಮ್ಮು ಇಲ್ಲದೆ ಇಲ್ಲ. ಅದನ್ನು ಹೊರಗೆ ಬರಲು ಬಿಡಲಿಲ್ಲ, ಅಷ್ಟೆ. ಮಾಂಸಖಂಡದಲ್ಲಿ ತಕ್ಷಣಕ್ಕೆ ಅಂತ ಇಟ್ಟುಕೊಂಡಿರುವ ಸರಕು ಹತ್ತು ಸೆಕೆಂಡಿಗೆಲ್ಲ ಖಾಲಿ. ಆಮೇಲೆ ಸಕ್ಕರೆ ಉರಿಸಬೇಕು. ಆಮ್ಲಜನಕ ಸೇರಿಸಿಕೊಂಡು ನಿಧಾನವಾಗಿ ಉರಿಸುವ ದಾರಿ ಪೂರ್ತಿ ವೇಗಕ್ಕೆ ಬರಲು ಎರಡು ಮೂರು ನಿಮಿಷ ಬೇಕು. ಸುಮ್ಮನೆ ಕೂತವನ ಹೃದಯ ನಿಮಿಷಕ್ಕೆ ಸುಮಾರು 5 ಲೀಟರ್ ರಕ್ತ ತಳ್ಳುತ್ತಿರುತ್ತದೆ, ಜೋರಾಗಿ ಓಡುವವನದು 20 ಲೀಟರ್ ತಳ್ಳಬೇಕು. ಬೋರ್‌ವೆಲ್ ಮೋಟಾರ್ ಆನ್ ಮಾಡಿದ ತಕ್ಷಣ ಗದ್ದೆಯ ಕೊನೇ ಮೂಲೆಗೆ ನೀರು ಹೋಗುತ್ತದಾ? ನಮ್ಮ ಹುಡುಗ ನೀರು ಬರುವ ಮೊದಲೇ ಮೂಲೆಯಲ್ಲಿ ನಾಟಿ ಶುರು ಮಾಡಿದ್ದಾನೆ. ಆಗ ಆಮ್ಲಜನಕವಿಲ್ಲದೆ ಸಕ್ಕರೆ ಉರಿಸುವ ಅಡ್ಡದಾರಿಯೇ ಗತಿ. ಅದರಲ್ಲಿ ಖಂಡ ಹುಳಿಯಾಗುತ್ತದೆ, ಕಾಲು ಉರಿಯುತ್ತದೆ, ಕಟ್ಟಿಕೊಳ್ಳುತ್ತದೆ.

ಇಲ್ಲಿ ನನ್ನದೊಂದು ತಪ್ಪೊಪ್ಪಿಗೆ. ಮರುದಿನದ ಮೈಕೈ ನೋವಿಗೂ ಆ ಹುಳಿಯೇ, ಅಂದರೆ ಲ್ಯಾಕ್ಟಿಕ್ ಆಸಿಡ್ಡೇ ಕಾರಣ ಅಂತ ನಾನು ಇಪ್ಪತ್ತು ವರ್ಷ ಕ್ಲಾಸಿನಲ್ಲಿ ಪಾಠ ಮಾಡಿದ್ದೇನೆ. ಅದು ಸುಳ್ಳು. ಆ ಹುಳಿ ಓಟ ನಿಂತು ಒಂದು ಗಂಟೆಯೊಳಗೆ ಹೆಚ್ಚುಕಡಿಮೆ ತೊಳೆದುಹೋಗಿರುತ್ತದೆ. ಮರುದಿನ, ಅದರ ಮರುದಿನ ಬರುವ ನೋವು ಖಂಡದ ಎಳೆಗಳು ಸಣ್ಣಸಣ್ಣದಾಗಿ ಹರಿದು, ಅಲ್ಲಿ ರಿಪೇರಿ ನಡೆಯುವಾಗಿನ ಊತದ್ದು. ನನ್ನ ಹಳೆಯ ವಿದ್ಯಾರ್ಥಿಗಳು ಯಾರಾದರೂ ಇದನ್ನು ಓದುತ್ತಿದ್ದರೆ, ತಿದ್ದಿಕೊಳ್ಳಿ.

ಆ ರಿಪೇರಿ ಇದೆಯಲ್ಲ, ಎಲ್ಲ ಇರುವುದು ಅದರಲ್ಲೇ. ಮೈದಾನದಲ್ಲಿ ಯಾರೂ ಗಟ್ಟಿಯಾಗುವುದಿಲ್ಲ. ಮೈದಾನದಲ್ಲಿ ಆಗುವುದು ಬರೀ ಡ್ಯಾಮೇಜು. ಗಟ್ಟಿಯಾಗುವುದು ಮನೆಗೆ ಹೋಗಿ ಮುದ್ದೆ ಉಂಡು ಮಲಗಿದ ಮೇಲೆ. ಹರಿದ ಎಳೆಯನ್ನು ಮೈಯಿ ಮೊದಲಿಗಿಂತ ಒಂಚೂರು ದಪ್ಪಗೆ ಹೊಲಿಯುತ್ತದೆ, ಇನ್ನೊಂದು ಸಲ ಇಂಥದ್ದು ಬಂದರೆ ಇರಲಿ ಅಂತ. ಹೊಲಿಗೆ ಮುಗಿಯುವ ಮೊದಲೇ ಮತ್ತೆ ಹರಿದರೆ ಬಟ್ಟೆ ಉಳಿಯಲ್ಲ.

ನನ್ನ ಹತ್ತಿರ ಒಂದು ನೋಟ್‌ಬುಕ್ ಇದೆ. ಬರುವ ಪ್ರತಿಯೊಬ್ಬರೂ ಬೆಳಿಗ್ಗೆ ಎದ್ದ ತಕ್ಷಣ, ಹಾಸಿಗೆಯಲ್ಲೇ, ಹೆಬ್ಬೆರಳ ಬುಡದಲ್ಲಿ ನಾಡಿ ಹಿಡಿದು ಒಂದು ನಿಮಿಷ ಎಣಿಸಿಕೊಂಡು ಬರಬೇಕು. ಶುರುವಿನಲ್ಲಿ ಎಲ್ಲರೂ ನಗುತ್ತಾರೆ. ಒಬ್ಬ ಹುಡುಗನದು ಮೊದಲ ವಾರ 78 ಇತ್ತು. ಹತ್ತನೇ ವಾರಕ್ಕೆ 60. ಅವನಿಗೆ ನಾನು ಲೆಕ್ಕ ಮಾಡಿ ತೋರಿಸಿದೆ. ನಿಮಿಷಕ್ಕೆ 18 ಬಡಿತ ಉಳಿತಾಯ ಅಂದರೆ, ಬರೀ ಮಲಗಿ ಕೂತು ಕಳೆದ ದಿನಕ್ಕೇ 25,920 ಬಡಿತ ಉಳಿತಾಯ. ಹೃದಯ ಒಂದು ಸಲ ಹಿಂಡಿದರೆ ಮೊದಲಿಗಿಂತ ಜಾಸ್ತಿ ರಕ್ತ ಹೋಗುತ್ತದೆ, ಹಾಗಾಗಿ ಕಡಿಮೆ ಸಲ ಹಿಂಡಿದರೆ ಸಾಕು. ದೊಡ್ಡ ದೊಡ್ಡ ಓಟಗಾರರ ನಾಡಿ ವಿಶ್ರಾಂತಿಯಲ್ಲಿ 40ರ ಆಸುಪಾಸು ಇರುವುದೂ ಉಂಟು. ಆ ಹುಡುಗ ಈಗ ಪೊಲೀಸ್ ಆಗಿ ಕರಾವಳಿ ಕಡೆ ಇದ್ದಾನೆ, ಹಬ್ಬಕ್ಕೆ ಬಂದರೆ ಮೊದಲು ಹೇಳುವುದು ನಾಡಿಯ ನಂಬರನ್ನೇ.

ಈ ನೋಟ್‌ಬುಕ್ಕಿನ ಇನ್ನೊಂದು ಉಪಯೋಗ ಹೇಳುತ್ತೇನೆ. ಯಾರದಾದರೂ ನಾಡಿ ಏಕಾಏಕಿ ಎಂಟು ಹತ್ತು ಜಾಸ್ತಿ ಬಂದರೆ ಅವತ್ತು ಅವರಿಗೆ ಓಟ ಇಲ್ಲ. ನಿದ್ದೆ ಕೆಟ್ಟಿರುತ್ತದೆ, ಇಲ್ಲ ಒಳಗೆ ಜ್ವರ ಇರುತ್ತದೆ, ಇಲ್ಲ ಹಿಂದಿನ ದಿನ ನಾನು ಅತಿಯಾಗಿ ಓಡಿಸಿರುತ್ತೇನೆ. ಜ್ವರ ಬಿಟ್ಟ ಮರುದಿನವೇ ಓಡುತ್ತೇನೆ ಅನ್ನುವವರನ್ನಂತೂ ಗೇಟಿನಿಂದಲೇ ವಾಪಸ್ ಕಳಿಸುತ್ತೇನೆ. ಕೆಲವು ವೈರಸ್ ಜ್ವರ ಹೃದಯದ ಖಂಡಕ್ಕೂ ಊತ ತರುತ್ತದೆ. ಅಂಥ ಹೊತ್ತಲ್ಲಿ ಅದರ ಮೇಲೆ ಭಾರ ಹಾಕುವುದು ನಿಜಕ್ಕೂ ಅಪಾಯ.

ಆದರೆ ಮೈಯಿ ಎಲ್ಲ ಭಾಗವನ್ನೂ ಒಂದೇ ಸ್ಪೀಡಿನಲ್ಲಿ ಕಟ್ಟುವುದಿಲ್ಲ. ಇದನ್ನು ಯಾರೂ ಹುಡುಗರಿಗೆ ಹೇಳಲ್ಲ. ಒಂದೆರಡು ವಾರಕ್ಕೆ ರಕ್ತದ ನೀರಿನಂಶ ಜಾಸ್ತಿಯಾಗುತ್ತದೆ, ಬೆವರು ಬೇಗ ಬರಲು ಕಲಿಯುತ್ತದೆ. ಮೊದಲ ಕೆಲವು ವಾರ ತಾಕತ್ತು ಬಂತು ಅನಿಸುವುದು ಬಹುಪಾಲು ನರಗಳ ಕೆಲಸ, ತೋಳು ದಪ್ಪವಾಗಿರುವುದಿಲ್ಲ, ಇರುವ ಖಂಡವನ್ನೇ ಒಟ್ಟಿಗೆ ದುಡಿಸಲು ನರ ಕಲಿತಿರುತ್ತದೆ. ಮೂರನೇ ವಾರಕ್ಕೆ ಉಸಿರು ಹಿಡಿತಕ್ಕೆ ಬರುತ್ತದೆ. ಹುಡುಗನಿಗೆ ಖುಷಿಯೋ ಖುಷಿ, ರೆಕ್ಕೆ ಬಂದ ಹಾಗೆ. ಆದರೆ ಹಿಮ್ಮಡಿಯ ಮೇಲಿನ ಆ ದಪ್ಪ ಹುರಿ, ಕಣಕಾಲ ಮೂಳೆ, ಪಾದದ ಮೂಳೆ ಇವೆಲ್ಲ ಇನ್ನೂ ಹಳೇ ಹುಡುಗನದೇ. ಅವಕ್ಕೆ ತಿಂಗಳುಗಟ್ಟಲೆ ಬೇಕು. ಹೊಸ ದಮ್ಮು, ಹಳೇ ಮೂಳೆ. ಮೂರರಿಂದ ಆರನೇ ವಾರದೊಳಗೆ ಕಣಕಾಲು ನೋವು ಅಂತ ಸಾಲಾಗಿ ಬರುವುದು ಇದಕ್ಕೇ. ಮೂಳೆ ಕೂಡ ಭಾರ ಬಿದ್ದಾಗ ಹಳೆಯದನ್ನು ಕೆಡವಿ ಹೊಸದು ಕಟ್ಟಿಕೊಳ್ಳುತ್ತದೆ. ಕೆಡವಿದ್ದು ಆಗಿದೆ, ಕಟ್ಟಿದ್ದು ಆಗಿಲ್ಲ ಅನ್ನುವ ಹೊತ್ತಲ್ಲಿ ಹೊಡೆತ ಮುಂದುವರಿದರೆ ಕೂದಲೆಳೆಯಂಥ ಬಿರುಕು ಬೀಳುತ್ತದೆ. 1855ರಷ್ಟು ಹಿಂದೆಯೇ ಪ್ರಷ್ಯಾ ಸೈನ್ಯದ ಡಾಕ್ಟರ್ ಬ್ರೈಟ್‌ಹಾಪ್ಟ್ ಅನ್ನುವವರು ಮಾರ್ಚ್ ಮಾಡಿ ಮಾಡಿ ಪಾದ ಊದಿಸಿಕೊಂಡ ಸೈನಿಕರ ಬಗ್ಗೆ ಬರೆದಿದ್ದರು. ಆಗ ಎಕ್ಸ್‌ರೇ ಇರಲಿಲ್ಲ, ಅದು ಮೂಳೆ ಬಿರುಕು ಅಂತ ಗೊತ್ತಾಗಿದ್ದು ಎಷ್ಟೋ ವರ್ಷದ ಮೇಲೆ. ನನ್ನ ಎಕ್ಸ್‌ರೇ ನನ್ನ ಹೆಬ್ಬೆರಳು. ಕಣಕಾಲು ಉದ್ದಕ್ಕೂ ಒತ್ತಿ ನೋಡುತ್ತೇನೆ. ಉದ್ದಕ್ಕೂ ನೋವಿದ್ದರೆ ಒಂದು ವಾರ ರೆಸ್ಟು. ಒಂದು ರೂಪಾಯಿ ಅಗಲದ ಜಾಗದಲ್ಲಿ ಮಾತ್ರ ಜೀವ ಹೋಗುವಂಥ ನೋವಿದ್ದರೆ ಸೀದಾ ಮೂಳೆ ಡಾಕ್ಟರ್ ಹತ್ತಿರ.

ಈಗ ಆ ವಿಷಯ.

ಏಳೆಂಟು ವರ್ಷದ ಹಿಂದೆ, ಇನ್ನೂ ಸರ್ವೀಸಿನಲ್ಲಿದ್ದೆ, ಆಗಲೂ ಬೆಳಿಗ್ಗೆ ಹುಡುಗರನ್ನು ಓಡಿಸುತ್ತಿದ್ದೆ. ಹೊಸದಾಗಿ ಸೇರಿದ ಹುಡುಗನೊಬ್ಬ ಅರ್ಧ ಗಂಟೆ ತಡವಾಗಿ ಬಂದ. ಹಳ್ಳಿಯಿಂದ ಸೈಕಲ್‌ನಲ್ಲಿ ಬರುವವನು, ದಾರಿಯಲ್ಲಿ ಪಂಕ್ಚರ್ ಆಗಿತ್ತಂತೆ, ಅದನ್ನು ನಾನು ಕೇಳಲೂ ಇಲ್ಲ. "ಹೋಗು, ನಾನು ಸಾಕು ಅನ್ನೋವರೆಗೂ ಬಸ್ಕಿ ಹೊಡಿ" ಅಂದೆ. ನಮ್ಮ ಕಾಲದ ಮೇಷ್ಟ್ರಿಗೆ ಇದು ಬಾಯಿಪಾಠ, ಯೋಚನೆ ಮಾಡಿ ಹೇಳಿದ್ದಲ್ಲ. ಆಮೇಲೆ ಸ್ಟಾಪ್‌ವಾಚ್ ಹಿಡಿದು ಬೇರೆಯವರ ಟೈಮ್ ನೋಡುತ್ತಾ ಅವನನ್ನು ಮರೆತೇಬಿಟ್ಟೆ. ಅರ್ಧ ಗಂಟೆ ಆದ ಮೇಲೆ ತಿರುಗಿ ನೋಡಿದರೆ, ಹುಣಸೆ ಮರದ ಕೆಳಗೆ ಅವನು ಇನ್ನೂ ಎದ್ದು ಕೂತು ಮಾಡುತ್ತಿದ್ದಾನೆ. ತೊಡೆ ನಡುಗುತ್ತಿದೆ. "ಎಷ್ಟಾಯ್ತೋ?" ಅಂದೆ. "430 ಸಾರ್" ಅಂತ ಹೆಮ್ಮೆಯಿಂದ ನಕ್ಕ. ನಾನೂ ಭೇಷ್ ಅಂದೆ ಅಂತ ಕಾಣುತ್ತದೆ. ಅದನ್ನು ನೆನೆಸಿಕೊಂಡರೆ ಈಗಲೂ ಹೊಟ್ಟೆ ತೊಳಸುತ್ತದೆ.

ಮರುದಿನ ಅವನು ಬರಲಿಲ್ಲ. ಅದರ ಮರುದಿನವೂ ಇಲ್ಲ. ಮೂರನೇ ದಿನ ಅವರಮ್ಮ ಫೋನ್ ಮಾಡಿದರು. ಮಗ ಕಾಲು ಮಡಿಸಲು ಆಗದೆ ಬಚ್ಚಲಿಗೆ ಗೋಡೆ ಹಿಡಿದು ಹೋಗುತ್ತಿದ್ದಾನೆ, ತೊಡೆ ಊದಿ ಕಲ್ಲಿನ ಹಾಗಾಗಿದೆ, ಮೆಡಿಕಲ್ ಶಾಪಿನಿಂದ ನೋವಿನ ಮಾತ್ರೆ ತಂದು ನುಂಗಿದರೂ ಇಳಿಯುತ್ತಿಲ್ಲ ಅಂದರು. ಆಮೇಲೆ ಸ್ವಲ್ಪ ಸಂಕೋಚದಿಂದ, "ಉಚ್ಚೆ ಹಾಲಿಲ್ಲದ ಟೀ ಥರ ಹೋಗ್ತಿದೆ ಸಾ" ಅಂದರು. ನನಗೆ ಅದು ಏನು ಅಂತ ಗೊತ್ತಿರಲಿಲ್ಲ. ಆದರೆ ಬಣ್ಣ ಕೇಳಿ ಗಾಬರಿಯಾಗಿ ಪರಿಚಯದವರ ಕಾರಿನಲ್ಲಿ ಜಿಲ್ಲಾ ಕೇಂದ್ರಕ್ಕೆ ಕರೆದುಕೊಂಡು ಹೋದೆವು.

ಅಲ್ಲಿನ ಡಾಕ್ಟರ್ ಇನ್ನೂ ಚಿಕ್ಕ ವಯಸ್ಸಿನವರು, ತಾಳ್ಮೆಯಿಂದ ವಿವರಿಸಿದರು. ಇದಕ್ಕೆ ರ‍್ಯಾಬ್ಡೋಮಯೊಲಿಸಿಸ್ ಅನ್ನುತ್ತಾರೆ. ಅಭ್ಯಾಸವಿಲ್ಲದ ಖಂಡವನ್ನು ಒಂದೇ ಸಲ ಮಿತಿಮೀರಿ ದುಡಿಸಿದರೆ ಎಳೆಗಳು ಹರಿಯುವುದಷ್ಟೇ ಅಲ್ಲ, ಕರಗಿ ಒಡೆದು ಒಳಗಿನ ಸರಕೆಲ್ಲ ರಕ್ತಕ್ಕೆ ಸೇರುತ್ತದೆ. ಅದರಲ್ಲಿ ಮಯೋಗ್ಲೋಬಿನ್ ಅನ್ನುವ ಕೆಂಪು ಪದಾರ್ಥ ಇದೆ. ಅದು ಕಿಡ್ನಿಯಲ್ಲಿ ಕಟ್ಟಿಕೊಳ್ಳುತ್ತದೆ. ಮೂತ್ರ ಟೀ ಬಣ್ಣವಾಗುವುದು ಅದರಿಂದಲೇ. ಜೊತೆಗೆ ಪೊಟ್ಯಾಸಿಯಂ ರಕ್ತಕ್ಕೆ ಬಂದು ಹೃದಯದ ಬಡಿತವನ್ನೇ ತಪ್ಪಿಸಬಹುದು. ಖಂಡ ಎಷ್ಟು ಒಡೆದಿದೆ ಅಂತ ತಿಳಿಯಲು ರಕ್ತದಲ್ಲಿ ಸಿಕೆ ಅಂತ ಒಂದು ಪರೀಕ್ಷೆ, ನಮ್ಮನಿಮ್ಮಂಥವರಿಗೆ ಸುಮಾರು 200ರ ಒಳಗೆ ಇರುತ್ತದೆ. ಅವನದು 60 ಸಾವಿರ ದಾಟಿತ್ತು. ನೋವಿನ ಮಾತ್ರೆ ಕಿಡ್ನಿಗೆ ಇನ್ನಷ್ಟು ಏಟು ಕೊಟ್ಟಿತ್ತು. ಐದು ದಿನ ಸಲೈನ್ ಹಾಕಿ ತೊಳೆದರು. ಡಯಾಲಿಸಿಸ್‌ವರೆಗೆ ಹೋಗಲಿಲ್ಲ, ಆ ಮನೆಯವರ ಪುಣ್ಯ, ನನ್ನದಂತೂ ಅಲ್ಲ. ಅವರಮ್ಮ ನನಗೆ ಒಂದು ಮಾತೂ ಬೈಯಲಿಲ್ಲ. "ನೀವು ಬಂದಿದ್ದಕ್ಕೆ ಉಳ್ಕೊಂಡ" ಅಂದರು. ಹುಡುಗ ಬಸ್ಕಿಯ ವಿಷಯ ಮನೆಯಲ್ಲಿ ಹೇಳಿರಲೇ ಇಲ್ಲ. ವಾರ ಬಿಟ್ಟು ನಾನೇ ಹೋಗಿ ಹೇಳಿ ಬಂದೆ.

ಅಂದಿನಿಂದ ನನ್ನ ಮೈದಾನದಲ್ಲಿ ಶಿಕ್ಷೆಯ ಬಸ್ಕಿ ಇಲ್ಲ. ಬಸ್ಕಿ ಕೆಟ್ಟದ್ದು ಅನ್ನುತ್ತಿಲ್ಲ ನಾನು. ನಮ್ಮ ತಾತನ ತಮ್ಮ ಗರಡಿಯಲ್ಲಿ ಸಾಮು ಮಾಡಿದವರು, ದಿನಕ್ಕೆ ಸಾವಿರ ಬಸ್ಕಿ ಹೊಡೆಯುತ್ತಿದ್ದರು ಅಂತ ಮನೆಯಲ್ಲಿ ಹೇಳುತ್ತಿದ್ದರು. ಆದರೆ ಅದೇ ಗರಡಿಗೆ ಹೊಸ ಹುಡುಗ ಬಂದರೆ ವಸ್ತಾದರು ತಿಂಗಳುಗಟ್ಟಲೆ ಮಟ್ಟಿ, ಅಂದರೆ ಕುಸ್ತಿ ಅಖಾಡದ ಮಣ್ಣು, ಅಗೆಸುತ್ತಿದ್ದರಂತೆ. ಆಮೇಲೆ ಹತ್ತು ಬಸ್ಕಿ, ಹತ್ತು ದಂಡ. ಮೇಲೆ ಒಂದೊಂದೇ ಸೇರಿಸುವುದು. ಅವರಿಗೆ ಸಿಕೆ ಗೊತ್ತಿರಲಿಲ್ಲ, ಮಯೋಗ್ಲೋಬಿನ್ ಗೊತ್ತಿರಲಿಲ್ಲ, ಮಟ್ಟಿ ಗೊತ್ತಿತ್ತು. ಬಿ.ಪಿ.ಎಡ್ ಓದಿದ ನನಗೆ ಅಷ್ಟೂ ಹೊಳೆಯಲಿಲ್ಲವಲ್ಲ ಅಂತ ಬೇಜಾರು. ಈಗಲೂ ಎಷ್ಟೋ ಶಾಲೆಗಳಲ್ಲಿ ಹೋಂವರ್ಕ್ ಮಾಡದ ಮಕ್ಕಳಿಗೆ ನೂರು, ಇನ್ನೂರು ಬಸ್ಕಿ ಹೊಡೆಸುತ್ತಾರೆ. ಆ ಮೇಷ್ಟ್ರುಗಳು, ಮಿಸ್ಸುಗಳು ಇದನ್ನು ಓದಲಿ ಅನ್ನುವುದೇ ನನ್ನ ಆಸೆ. ಮೊದಲ ದಿನ ಉತ್ಸಾಹದಲ್ಲಿ ಜಿಮ್‌ಗೆ ಸೇರಿ, ಟ್ರೇನರ್ ಹೇಳಿದ ಅಂತ ಒಂದೇ ದಿನ ಕಾಲಿನ ಎಲ್ಲ ಮಷೀನನ್ನೂ ಮುಗಿಸುವವರೂ ಓದಲಿ. ನೋವು ಯಾರಿಗಾದರೂ ಬರುತ್ತದೆ. ತೊಡೆಯೋ ತೋಳೋ ಊದಿಕೊಂಡು, ಮಡಿಸಲು ಆಗದಂತಾಗಿ, ಮೂತ್ರ ಟೀ ಬಣ್ಣಕ್ಕೋ ಕೋಲಾ ಬಣ್ಣಕ್ಕೋ ತಿರುಗಿದರೆ ಮಾತ್ರ ಒಂದು ಗಂಟೆಯೂ ಕಾಯಬೇಡಿ. ಮಾತ್ರೆ ನುಂಗಬೇಡಿ. ಆಸ್ಪತ್ರೆಗೆ ಹೋಗಿ ಮೂತ್ರದ ಬಣ್ಣ ಹೀಗಿದೆ ಅಂತ ನಾಚಿಕೆ ಬಿಟ್ಟು ಹೇಳಿ. ಇದು ಕಾಣಿಸಿಕೊಳ್ಳುವುದು ಒಂದೆರಡು ದಿನ ಬಿಟ್ಟು, ಅಷ್ಟರಲ್ಲಿ ಬಸ್ಕಿ ಮರೆತೇಹೋಗಿರುತ್ತದೆ.

ಇನ್ನು ಬಿಸಿಲು. 2024ರ ಆಗಸ್ಟ್ ಕೊನೆಯಲ್ಲಿ ಜಾರ್ಖಂಡ್‌ನಲ್ಲಿ ಅಬಕಾರಿ ಕಾನ್‌ಸ್ಟೆಬಲ್ ನೇಮಕಾತಿ ನಡೆಯಿತು. ಗಂಡುಹುಡುಗರಿಗೆ 10 ಕಿಲೋಮೀಟರ್, ಒಂದು ಗಂಟೆಯಲ್ಲಿ. ಹತ್ತಕ್ಕೂ ಹೆಚ್ಚು ಹುಡುಗರು ಸತ್ತರು. ಕೆಲಸಕ್ಕೆ ಅಂತ ಹೋದವರು. ನಮ್ಮ ಕನ್ನಡ ಪತ್ರಿಕೆಗಳಲ್ಲಿ ಅದು ಒಂದೆರಡು ದಿನ ಬಂದು ಹೋಯಿತು, ನಾನು ಆ ತುಂಡನ್ನು ಕತ್ತರಿಸಿ ನೋಟ್‌ಬುಕ್ಕಿನಲ್ಲಿ ಇಟ್ಟುಕೊಂಡಿದ್ದೇನೆ. ಮಳೆಗಾಲದ ಕೊನೆಯ ಸೆಕೆಯಲ್ಲಿ ಬೆವರು ಸುರಿಯುತ್ತದೆ, ಆರುವುದಿಲ್ಲ. ಬೆವರು ಸುರಿದರೆ ಮೈ ತಣ್ಣಗಾಗಲ್ಲ, ಆರಿದರೆ ಮಾತ್ರ ತಣ್ಣಗಾಗುವುದು. ಇದು ಮಡಕೆ ನೀರಿನ ಲೆಕ್ಕ. ಒಳಗಿನ ಶಾಖ 40 ಡಿಗ್ರಿ ದಾಟಿದರೆ ಮೊದಲು ತಲೆ ಕೆಡುತ್ತದೆ. ಹುಡುಗ ತಪ್ಪು ದಿಕ್ಕಿಗೆ ಓಡುತ್ತಾನೆ, ಹೆಸರು ಕೇಳಿದರೆ ತೊದಲುತ್ತಾನೆ. ನಮ್ಮ ಜನ ಆಗ ಮಾಡುವುದು ಏನು? ಸುತ್ತ ನಿಂತು ಗಾಳಿ ತಡೆಯುವುದು, ಕೈಗೆ ಬೀಗದ ಕೈ ಕೊಡುವುದು, ಈರುಳ್ಳಿ ಮೂಸಿಸುವುದು. ಇದ್ಯಾವುದೂ ಬೇಡ. ನೆರಳಿಗೆ ಎಳೆದು, ಬಟ್ಟೆ ಸಡಿಲಿಸಿ, ಬಕೆಟ್ ಬಕೆಟ್ ನೀರು ಮೈಮೇಲೆ ಸುರಿಯುತ್ತಾ ಬೀಸುತ್ತಾ ಇರಬೇಕು. ತೊಟ್ಟಿ ಇದ್ದರೆ ತಲೆ ಹಿಡಿದುಕೊಂಡು ತೊಟ್ಟಿಯಲ್ಲೇ ಕೂರಿಸಬೇಕು. ಆಂಬುಲೆನ್ಸ್‌ಗೆ ಫೋನ್ ಮಾಡಿ, ಆದರೆ ಅದು ಬರುವವರೆಗೆ ಕಾಯದೆ ಶುರು ಮಾಡಿ. ಮೈಯಿ ಬಿಸಿಲಿಗೆ ಒಗ್ಗಲು 10ರಿಂದ 14 ದಿನ ಬೇಕು. ಅದೂ ದಿನಾ ಸ್ವಲ್ಪ ಸ್ವಲ್ಪ ಬಿಸಿಲಲ್ಲಿ ಓಡಿದರೆ. ವರ್ಷವಿಡೀ ಲೈಬ್ರರಿಯ ಫ್ಯಾನ್ ಕೆಳಗೆ ಕೂತು ಜನರಲ್ ನಾಲೆಜ್ ಓದಿದವನನ್ನು ಸೀದಾ ಹನ್ನೊಂದು ಗಂಟೆ ಬಿಸಿಲಿಗೆ ನಿಲ್ಲಿಸಿದರೆ ಅವನ ತಪ್ಪೇನಿದೆ ಹೇಳಿ.

ಪೌಡರ್ ಡಬ್ಬಿ, ಎನರ್ಜಿ ಡ್ರಿಂಕ್, ಇಂಜೆಕ್ಷನ್ ಬಗ್ಗೆ ಬರೆಯಲು ಕೂತರೆ ಇನ್ನೊಂದು ಪತ್ರವಾಗುತ್ತದೆ. ಓಟಕ್ಕೆ ಮೊದಲು ಎನರ್ಜಿ ಡ್ರಿಂಕ್ ಕುಡಿದು ಬಂದವರನ್ನು ನಾನು ಓಡಿಸಲ್ಲ, ಅಷ್ಟು ಹೇಳುತ್ತೇನೆ. ನೆನೆಸಿದ ಕಡಲೆಕಾಳು, ಮೊಟ್ಟೆ, ಹುರುಳಿ ಸಾರು ತಿಂದೇ ನಮ್ಮ ಹುಡುಗರು ಆರೂವರೆ ನಿಮಿಷದೊಳಗೆ ಬರುತ್ತಿದ್ದಾರೆ.

ಪಕ್ಕದ ಮನೆಯವರ ಪ್ರಶ್ನೆಗೆ ವಾಪಸ್ ಬರುತ್ತೇನೆ. ನಮ್ಮದು ಹಾಸನ ಜಿಲ್ಲೆ. 2025ರ ಜೂನ್, ಜುಲೈನಲ್ಲಿ ಇಲ್ಲಿ ಬೆಳಗಾದರೆ ಹೃದಯಾಘಾತದ್ದೇ ಸುದ್ದಿ. ಜನ ಹೆದರಿ ಮೈಸೂರಿನ ಜಯದೇವ ಆಸ್ಪತ್ರೆ ಮುಂದೆ ಸಾಲುಗಟ್ಟಿದರು. ಕೊನೆಗೆ ಸರ್ಕಾರ ನೇಮಿಸಿದ ತಜ್ಞರು ಲೆಕ್ಕ ಹಾಕಿ, ಸಾವು ಅಸಹಜವಾಗಿ ಏರಿಲ್ಲ ಅಂದರು. ಅದಕ್ಕೂ ಮೊದಲು 2021ರ ಅಕ್ಟೋಬರ್ 29. ಆ ದಿನವನ್ನು ಯಾವ ಕನ್ನಡಿಗರಿಗೂ ನೆನಪಿಸಬೇಕಿಲ್ಲ. ಪುನೀತ್ ಅವರಿಗೆ 46 ವರ್ಷ. ಅಷ್ಟು ಫಿಟ್ ಆಗಿದ್ದವರಿಗೇ ಹೀಗಾಯಿತು ಅನ್ನುವ ಮಾತು ಅಂದಿನಿಂದ ಇಂದಿನವರೆಗೂ ವ್ಯಾಯಾಮ ಬಿಡುವವರಿಗೆಲ್ಲ ಒಂದು ನೆಪ.

ಇಲ್ಲಿ ಎರಡು ಮಾತು ಒಟ್ಟಿಗೆ ನಿಜ. ಜೋರಾಗಿ ಓಡುವ, ಭಾರ ಎತ್ತುವ ಆ ಹೊತ್ತಿಗೆ ಹೃದಯದ ಮೇಲೆ ಅಪಾಯ ಸ್ವಲ್ಪ ಏರುತ್ತದೆ. ಅದನ್ನು ಮುಚ್ಚಿಡಬಾರದು. ಮೂವತ್ತೈದು ದಾಟಿದವರಲ್ಲಿ ಸಾಮಾನ್ಯವಾಗಿ ಮೊದಲೇ ರಕ್ತನಾಳದಲ್ಲಿ ಕೊಬ್ಬು ಕಟ್ಟಿರುತ್ತದೆ, ಚಿಕ್ಕವರಲ್ಲಿ ಹೃದಯದ ಖಂಡ ವಂಶಪಾರಂಪರ್ಯವಾಗಿ ದಪ್ಪವಾಗುವುದೋ ಬಡಿತದ ತೊಂದರೆಯೋ ಇರುತ್ತದೆ. ವ್ಯಾಯಾಮ ಆ ಕಾಯಿಲೆಯನ್ನು ತಂದಿದ್ದಲ್ಲ, ಬಯಲಿಗೆ ಎಳೆದಿದ್ದು. ಆದರೆ ದಿನಾ ಮೈ ಬಗ್ಗಿಸುವವರಿಗೆ ಆ ಹೊತ್ತಿನ ಅಪಾಯವೂ ಕಡಿಮೆ, ಉಳಿದ 23 ಗಂಟೆಯ ಅಪಾಯವೂ ಕಡಿಮೆ. ಎಂದೋ ಒಂದು ದಿನ ಎದ್ದು, ಫ್ರೆಂಡ್ಸ್ ಜೊತೆ ಬೆಟ್ ಕಟ್ಟಿ ಓಡುವವರಿಗೇ ಜಾಸ್ತಿ ಅಪಾಯ. ಲಂಡನ್ನಿನಲ್ಲಿ ಜೆರ್ರಿ ಮಾರಿಸ್ ಅನ್ನುವ ಡಾಕ್ಟರ್ 1953ರಲ್ಲಿ ಡಬಲ್ ಡೆಕ್ಕರ್ ಬಸ್ಸಿನ ಡ್ರೈವರ್, ಕಂಡಕ್ಟರ್‌ಗಳ ಲೆಕ್ಕ ಪ್ರಕಟಿಸಿದರು. ದಿನವಿಡೀ ಮೆಟ್ಟಿಲು ಹತ್ತಿ ಇಳಿದು ಟಿಕೆಟ್ ಕೊಡುವ ಕಂಡಕ್ಟರ್‌ಗಳಿಗೆ, ಕೂತೇ ಇರುವ ಡ್ರೈವರ್‌ಗಳಿಗಿಂತ ಹೃದಯದ ಕಾಯಿಲೆ ಕಡಿಮೆ. ಆಮೇಲೆ ಅವರೇ ಯೂನಿಫಾರಂ ಅಳತೆ ತೆಗೆದು ನೋಡಿದರೆ ಡ್ರೈವರ್‌ಗಳ ಸೊಂಟ ಮೊದಲಿನಿಂದಲೂ ದಪ್ಪ. ಹಾಗಾಗಿ ಎಲ್ಲ ಪುಣ್ಯ ಮೆಟ್ಟಿಲಿಗೇ ಹೋಗಲ್ಲ ಅನ್ನಿ. ಆದರೂ ಆಮೇಲೆ ಬಂದ ಎಷ್ಟೋ ಅಧ್ಯಯನಗಳು ಅದೇ ದಿಕ್ಕನ್ನು ತೋರಿಸಿವೆ.

ಸುಮ್ಮನೆ ಇರುವುದು ಸೇಫ್ ಅನ್ನುವವರಿಗೆ ಇನ್ನೊಂದು. 1966ರಲ್ಲಿ ಅಮೆರಿಕದ ಡಲ್ಲಾಸ್‌ನಲ್ಲಿ 20 ವರ್ಷದ ಐದು ಜನ ಆರೋಗ್ಯವಂತ ಹುಡುಗರನ್ನು ಮೂರು ವಾರ ಹಾಸಿಗೆಯಲ್ಲೇ ಮಲಗಿಸಿದರು. ಎದ್ದಾಗ ಅವರ ದಮ್ಮು ಕಾಲುಭಾಗಕ್ಕಿಂತ ಜಾಸ್ತಿ ಇಳಿದಿತ್ತು. ಮೂವತ್ತು ವರ್ಷ ಬಿಟ್ಟು, ಐವತ್ತರ ಅದೇ ಐದು ಜನರನ್ನು ಮತ್ತೆ ಪರೀಕ್ಷೆ ಮಾಡಿದರು. ಮೂವತ್ತು ವರ್ಷದ ವಯಸ್ಸು ಮಾಡದ ಹಾನಿಯನ್ನು ಆ ಮೂರು ವಾರದ ಹಾಸಿಗೆ ಮಾಡಿತ್ತು. ಇದನ್ನು ಪಕ್ಕದ ಮನೆಯವರಿಗೆ ಹೇಳಿದೆ. "ಮೂರು ವಾರ ಬರೀ ಮಲಗಿದ್ರಾ? ಊಟ ಯಾರು ಕೊಟ್ರು?" ಅಂತ ಕೇಳಿದರು. ಅದೊಂದು ವಿಷಯಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಆದರೆ ನಿನ್ನೆ ಬೆಳಿಗ್ಗೆ ಕೆರೆ ಏರಿ ಮೇಲೆ ಅವರ ಮಫ್ಲರ್ ಕಾಣಿಸಿತು. ನಡೆಯುವಾಗ ಎದೆ ಹಿಂಡಿದ ಹಾಗಾದರೆ, ಎಡಗೈಗೋ ದವಡೆಗೋ ನೋವು ಇಳಿದರೆ, ಗ್ಯಾಸ್ಟ್ರಿಕ್ ಅಂತ ಸೋಡಾ ಕುಡಿಯದೆ ತಾಲೂಕು ಆಸ್ಪತ್ರೆಗೆ ಹೋಗಿ ಇಸಿಜಿ ತೆಗೆಸಿ ಅಂತ ಹೇಳಿಟ್ಟಿದ್ದೇನೆ. ಪುನೀತ್ ಅವರ ಹೆಸರಿನ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲೂಕು ಮಟ್ಟದಲ್ಲೇ ಅದರ ವ್ಯವಸ್ಥೆ ಇದೆ, ರಕ್ತ ಹೆಪ್ಪು ಕರಗಿಸುವ ದುಬಾರಿ ಇಂಜೆಕ್ಷನ್ನೂ ಪುಕ್ಕಟೆ.

ನೇಮಕಾತಿ ಮಾಡುವವರಿಗೆ ನನ್ನದೊಂದೇ ಬೇಡಿಕೆ. ದೈಹಿಕ ಪರೀಕ್ಷೆಯ ದಿನವನ್ನು ಮೂರು ತಿಂಗಳು ಮೊದಲೇ ಹೇಳಿ. ಲಿಖಿತ ಪರೀಕ್ಷೆ ಪಾಸಾದ ಮೇಲೆ ನೋಡಿಕೊಳ್ಳೋಣ ಅಂತ ಕೂತ ಹುಡುಗರು, ಕಾಗದ ಕೈಗೆ ಬಂದ ಮೇಲೆ ನನ್ನ ಹತ್ತಿರ ಓಡಿ ಬರುತ್ತಾರೆ. "ಹದಿನೈದು ದಿನ ಇದೆ ಸಾರ್, ಏನಾದರೂ ಮಾಡಿ." ಹದಿನೈದು ದಿನದಲ್ಲಿ ಬೆವರುವುದನ್ನು ಕಲಿಸಬಹುದು, ಮೂಳೆ ಕಟ್ಟಲು ಆಗಲ್ಲ. ಮತ್ತೆ ಓಟವನ್ನು ಬೆಳಿಗ್ಗೆ ಎಂಟರೊಳಗೆ ಮುಗಿಸಿ, ಮೈದಾನದಲ್ಲಿ ಒಂದು ತೊಟ್ಟಿ ನೀರು ಇಡಿ.

ನಿಮಗೂ ಒಂದು ಮಾತು ಸಂಪಾದಕರೇ. ಜಿಮ್‌ನಲ್ಲಿ ಸಾವು ಅಂತ ಬರೆದ ಮೇಲೆ ತಿಂಗಳು ಬಿಟ್ಟು ಕಾರಣ ಗೊತ್ತಾದರೆ ಅದನ್ನೂ ಅದೇ ಪುಟದಲ್ಲಿ ಹಾಕಿ. ಮೊದಲನೆಯದನ್ನು ಓದಿ ವಾಕಿಂಗ್ ಬಿಟ್ಟವರು ಎರಡನೆಯದನ್ನೂ ಓದಲಿ.

ಪತ್ರ ಉದ್ದವಾಯಿತು, ಗೊತ್ತು. ಮಾತು ನಿಲ್ಲಿಸುವುದು ನಮ್ಮಂಥ ಮೇಷ್ಟ್ರಿಗೆ ಬರಲ್ಲ. ಜಾಗ ಸಾಲದೆ ಕತ್ತರಿ ಹಾಕಲೇಬೇಕಾದರೆ ಲಂಡನ್ ಬಸ್ಸು ತೆಗೆಯಿರಿ, ಡಲ್ಲಾಸ್ ಹಾಸಿಗೆ ತೆಗೆಯಿರಿ, ನನ್ನ ನೋಟ್‌ಬುಕ್ಕೂ ಹೋಗಲಿ. ಆ ಟೀ ಬಣ್ಣದ ಪ್ಯಾರಾ ಮಾತ್ರ ಹಾಗೇ ಇರಲಿ.

– ಒಬ್ಬ ನಿವೃತ್ತ ಡ್ರಿಲ್ ಮೇಷ್ಟ್ರು, ಚನ್ನರಾಯಪಟ್ಟಣ